ಒಂಬತ್ತನೆಯ ದಿನದ ನಮಸ್ಕಾರ

ಕರಾತ್ಸು
ನವೆಂಬರ್ ೨೯

ಹಿನೊಕಾವಾ ಗರಡಿಯ ಯಜಮಾನಿತಿ ಸುಗಿತಾನಿ ಯೊರಿಕೊ ಅವರಿಗೆ,

ನಿಮ್ಮ ಗರಡಿಯ ಅಭಿಮಾನಿಗಳಿಗೆಂದು ನೀವು ಬರೆದು ಹಂಚಿರುವ ಸುತ್ತೋಲೆ ನನ್ನ ಕೈಸೇರಿತು. ಅದರ ಎರಡನೆಯ ಪುಟದಲ್ಲಿ, ಫುಕುಒಕಾ ಸುಮೊ ಪಂದ್ಯಾವಳಿಯ ಒಂಬತ್ತನೆಯ ದಿನ ನಡೆದದ್ದೆಂದು ಹೇಳಿರುವ ಸಂಗತಿಗಳಲ್ಲಿ ದಿನಾಂಕವೊಂದನ್ನು ಬಿಟ್ಟರೆ ಯಾವುದೂ ಸರಿಯಲ್ಲ.

"ಮತ್ಸುರನಾಮಿ ಕಾಲು ಜಾರಿ ಕಣದಿಂದ ಕೆಳಗೆ ಬಿದ್ದಾಗ, ಹದಿನಾಲ್ಕು ವರ್ಷಗಳಿಂದ ಮಗನ ಮುಖ ಕಾಣದಿದ್ದ ತಾಯಿ ಓಡಿಬಂದು, ಕಣ್ಣೀರಿಡುತ್ತ ಕೈನೀಡಿ ಎಬ್ಬಿಸಿದರು. ಕಿಕ್ಕಿರಿದ ಸಭಾಂಗಣದಲ್ಲಿ ಕಣ್ಣೊರೆಸಿಕೊಳ್ಳದವರೇ ಇರಲಿಲ್ಲ" ಎಂದು ಬರೆದಿದ್ದೀರಿ. ನೀವು ಅಂದು ಅಲ್ಲಿರಲಿಲ್ಲ. ನಾನಿದ್ದೆ.

ನನ್ನ ಮಗ ತೊಮೊನೊರಿಯ ಹೆಸರನ್ನು ನೀವು ಕಣಕ್ಕೆಂದು ಮತ್ಸುರನಾಮಿ ಎಂದು ಬದಲಾಯಿಸಿರುವುದರಿಂದ ನಾನಾದರೂ ಅವನನ್ನು ಅವನ ಹೆಸರಿನಿಂದಲೇ ಕರೆಯುತ್ತೇನೆ. ಅವನು ಕಾಲು ಜಾರಿ ಬೀಳಲಿಲ್ಲ. ಎದುರಾಳಿ ಅವನನ್ನು ಅಂಚಿಗೆ ತಳ್ಳುವ ಮೊದಲೇ ಅವನ ಬಲಮೊಣಕಾಲು ಒಳಕ್ಕೆ ಮಡಚಿತು. ಮೂವತ್ತೆಂಟು ವರ್ಷ ಶಾಲೆಯ ಅಂಗಳದಲ್ಲಿ ಮಕ್ಕಳು ಬೀಳುವುದನ್ನು ಕಂಡವಳಿಗೆ ಜಾರುವುದಕ್ಕೂ ಕುಸಿಯುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಸಭಾಂಗಣ ಕಿಕ್ಕಿರಿದಿರಲಿಲ್ಲ. ಬೆಳಗಿನ ಹನ್ನೊಂದೂವರೆಗೆ ಕೆಳಮೆಟ್ಟಿಲಿನ ಮಲ್ಲರನ್ನು ನೋಡಲು ಬಂದಿದ್ದವರು ಹೆಚ್ಚೆಂದರೆ ಎಪ್ಪತ್ತು ಜನ. ನನ್ನ ಹಿಂದೆ ಕುಳಿತಿದ್ದಾತ ಬುತ್ತಿಯ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ನಾನಂತೂ ಇಲ್ಲ.

ಹದಿನಾಲ್ಕು ವರ್ಷ ನಾನು ಅವನ ಮುಖ ಕಂಡಿರಲಿಲ್ಲವೆಂಬುದೂ ತಪ್ಪು. ನನ್ನ ಪತಿಯ ಅಂತ್ಯಸಂಸ್ಕಾರಕ್ಕೆ ಅವನು ಬಂದು ಎರಡು ಗಂಟೆ ಇದ್ದು ಹೋದ. ಅವನ ಜುಟ್ಟಿನ ಎಣ್ಣೆಯ ವಾಸನೆ ನಮ್ಮ ನಡುಮನೆಯಲ್ಲಿ ಮೂರು ದಿನ ಉಳಿದಿತ್ತು.

ಇನ್ನು ಕೈನೀಡಿದ ವಿಷಯ. ಕಣದ ಪಕ್ಕದ ಮೆತ್ತೆಗಳು ಆ ಹೊತ್ತಿಗೆ ಖಾಲಿ ಇದ್ದುದರಿಂದ ನಾನು ಮುಂದಿನ ಸಾಲಿಗೆ ಬಂದು ಕುಳಿತಿದ್ದೆ. ಅದು ನನ್ನ ಚೀಟಿಯ ಜಾಗವಲ್ಲ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅವನು ಬಿದ್ದದ್ದು ನನ್ನಿಂದ ಎರಡು ಮಾರು ದೂರದಲ್ಲಿ. ಸೋತವನು ಮತ್ತೆ ಕಣಕ್ಕೆ ಹತ್ತಿ, ಎದುರಾಳಿಗೆ ನಮಸ್ಕರಿಸಿಯೇ ಹೋಗಬೇಕೆಂಬ ನಿಯಮ ನನಗೂ ಗೊತ್ತು. ಅವನು ಎರಡೂ ಕೈಯೂರಿ ಮಣ್ಣಿನ ಇಳಿಜಾರನ್ನು ಹತ್ತಲು ಹೊರಟಾಗ ನಾನು ಎದ್ದುಹೋಗಿ ಹೇಳಿದ್ದು ಇಷ್ಟು:

"ಹತ್ತಬೇಡ. ಅಲ್ಲೇ ಕೂತ್ಕೋ."

ಅವನು ನನ್ನತ್ತ ನೋಡದೆಯೇ ಹೇಳಿದ: "ಅಮ್ಮ, ಹಿಂದೆ ಸರೀರಿ. ಇನ್ನೂ ಮುಗಿದಿಲ್ಲ."

ಅವನನ್ನು ತಡೆಯಲು ನಾನು ಮಣ್ಣಿನ ಮೇಲೆ ಕೈಯಿಟ್ಟದ್ದು ನಿಜ. ನೀಲಿ ಅಂಗಿಯ ಕಾವಲುಗಾರನೊಬ್ಬ ಓಡಿಬಂದು ನನ್ನ ತೋಳು ಹಿಡಿದ. "ಅಜ್ಜಿ, ಹೆಂಗಸ್ರು ಇದನ್ನ ಮುಟ್ಟಂಗಿಲ್ಲ. ಊರಿಂದ ಬಂದೋರಾ? ಬನ್ನಿ, ನಿಮ್ ಜಾಗ ಮೇಲ್ಗಡೆ ಇರತ್ತೆ." ಹೀಗೆ ನನ್ನನ್ನು ಕರೆದೊಯ್ಯುತ್ತಿದ್ದಾಗ ನನ್ನ ಮಗ ಒಂದು ಕಾಲನ್ನು ಎಳೆದುಕೊಂಡು ಮೇಲೆ ಹತ್ತಿ ನಮಸ್ಕರಿಸಿದ.

ಇದನ್ನು ನೀವು ಹೃದಯಸ್ಪರ್ಶಿ ಎಂದಿದ್ದೀರಿ. ಎರಡು ದಿನ ಬಿಟ್ಟು, ಆ ಕಾಲಿಗೆ ಬಟ್ಟೆ ಸುತ್ತಿ ಅವನನ್ನು ಮತ್ತೆ ಕಣಕ್ಕೆ ಕಳುಹಿಸಿದ್ದೀರಿ. ಅದನ್ನು ಏನೆಂದು ಕರೆಯುತ್ತೀರೋ ಸುತ್ತೋಲೆಯಲ್ಲಿಲ್ಲ.

ಅವನ ಕಾಲನ್ನು ಪರೀಕ್ಷಿಸಿದ ಫುಕುಒಕಾದ ವೈದ್ಯರನ್ನು ನಾನೇ ಕಂಡು ಬಂದಿದ್ದೇನೆ. ಇನ್ನೊಂದು ಪಂದ್ಯಾವಳಿ ಆಡಿದರೆ ಆ ಕಾಲು ಮೆಟ್ಟಿಲು ಹತ್ತಲು ಸಹ ಒದಗದೆಂದು ಅವರು ಹೇಳಿದರು. ಜನವರಿಯ ಪಂದ್ಯಾವಳಿಗೆ ನನ್ನ ಮಗನನ್ನು ಇಳಿಸಕೂಡದು. ಇದು ವಿನಂತಿಯಲ್ಲ. ಉತ್ತರವನ್ನು ಬರವಣಿಗೆಯಲ್ಲಿ ನಿರೀಕ್ಷಿಸುತ್ತೇನೆ.

ಇಸೊಬೆ ಶಿಜುಎ
ನಿವೃತ್ತ ಮುಖ್ಯೋಪಾಧ್ಯಾಯಿನಿ


ಟೋಕಿಯೊ, ಸುಮಿದಾ
ಡಿಸೆಂಬರ್ ೬

ಶಿಜುಎ ಟೀಚರಿಗೆ,

ಪತ್ರ ಓದಿದೆ. ತಪ್ಪುಗಳನ್ನು ಗುರುತು ಮಾಡಿದ್ದಕ್ಕೆ ವಂದನೆ. ನನ್ನ ಅಪ್ಪ ಮೀನಿನ ಅಂಗಡಿಯವನು, ನನಗೆ ಬರುವ ಬರವಣಿಗೆ ಇಷ್ಟೇ. ಜನಕ್ಕೆ ಇಷ್ಟವಾಗಲಿ ಅಂತ ನಾಲ್ಕು ಹನಿ ಕಣ್ಣೀರು ಸೇರಿಸಿದ್ದೆ. ನಿಮ್ಮ ಕಣ್ಣಿನಲ್ಲಿ ಅಷ್ಟೂ ಇರಲಿಲ್ಲ ಅಂತ ಈಗ ಗೊತ್ತಾಯಿತು, ಇನ್ನು ಸೇರಿಸುವುದಿಲ್ಲ.

ಹದಿನಾಲ್ಕು ವರ್ಷದಲ್ಲಿ ನೀವು ನೋಡಿದ್ದು ಅವನ ಒಂದು ಪಂದ್ಯ. ಹನ್ನೊಂದು ಸೆಕೆಂಡು. ಅದರ ಆಧಾರದ ಮೇಲೆ ಮೂರು ಹಾಳೆ ಬರೆದಿದ್ದೀರಿ. ನಾನು ನೋಡಿದ್ದನ್ನು ಬರೆಯಲು ಕುಳಿತರೆ ನಮ್ಮ ಬೀದಿಯ ಅಂಗಡಿಯಲ್ಲಿ ಕಾಗದ ಸಾಲದು. ಬಂದ ಮೊದಲ ವರ್ಷ ಅವನು ಊರು ನೆನೆದು ಅಳುವಾಗ ಯಾರಿಗೂ ಕೇಳಿಸದಿರಲಿ ಅಂತ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದ. ಹೊರಗೆ ಟವೆಲು ಹಿಡಿದು ನಿಂತಿದ್ದವಳು ನಾನು. ಬಲಗಾಲಿಗೆ ದಿನವೂ ಬಟ್ಟೆ ಸುತ್ತುವವಳೂ ನಾನೇ. ಯಾವ ಸುತ್ತಿನಲ್ಲಿ ಎಷ್ಟು ಬಿಗಿ ಇರಬೇಕು ಅಂತ ನಿಮ್ಮ ವೈದ್ಯರಿಗಿಂತ ನನಗೆ ಚೆನ್ನಾಗಿ ಗೊತ್ತು.

ಅವನನ್ನು ಹನ್ನೊಂದನೆಯ ದಿನ ನಾವು ಕಳುಹಿಸಲಿಲ್ಲ. ನನ್ನ ಗಂಡ ಬೇಡ ಅಂದರು. ಅವನು ಕೇಳಲಿಲ್ಲ.

ಒಂದು ವಿಷಯ ಹೇಳುತ್ತೇನೆ, ಇದನ್ನೂ ತಿದ್ದಿ ನೋಡೋಣ. ಹದಿನೈದು ವರ್ಷದ ಹುಡುಗ ಮೊದಲ ದಿನ ಗರಡಿಯ ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿದ. ಅಷ್ಟು ಬಾಗಿ, ಅಷ್ಟು ಹೊತ್ತು. ನನ್ನ ಗಂಡ ಕೇಳಿದರು: "ಏನೋ ಮರಿ, ನಿಂಗಿದನ್ನ ಯಾರೋ ಕಲಿಸಿದ್ದು?" ಅವನು ಹೇಳಿದ: "ನಮ್ಮಮ್ಮ. ಅರ್ಧ ಮಾಡಿದ್ರೆ ವಾಪಸ್ ಕಳಿಸ್ತಾರೆ." ಇವತ್ತಿಗೂ ಹೊಸಬರು ಬಂದರೆ ಯಜಮಾನರು, "ಹೋಗ್ರೋ, ಮತ್ಸುರನಾಮಿ ಹೆಂಗ್ ಬಗ್ತಾನೆ ನೋಡ್ಕಂಡ್ ಬನ್ನಿ" ಅಂತಾರೆ. ಒಂಬತ್ತನೆಯ ದಿನ ಅವನು ಕುಸಿದ ಕಾಲಲ್ಲಿ ಮೇಲೆ ಹತ್ತಿದ್ದು ನಮ್ಮ ಪಾಠದಿಂದಲ್ಲ ಟೀಚರ್.

ಇನ್ನೊಂದು. ನೀವು ಪ್ರತಿ ಫೆಬ್ರವರಿಯಲ್ಲಿ ಅಂಚೆಯಲ್ಲಿ ಪಾಠ ಕಳಿಸುವ ಪ್ರೌಢಶಾಲೆಯ ಅರ್ಜಿ ಕಳುಹಿಸುತ್ತಿದ್ದಿರಲ್ಲ. ಮೊದಲನೆಯದನ್ನು ಅವನು ಓದಿದ. ಆ ವಾರ ಊಟ ಮಾಡಲಿಲ್ಲ. ಆಮೇಲಿನ ಹದಿಮೂರನ್ನು ನಾನು ಅಂಚೆಯವನ ಕೈಯಿಂದಲೇ ತೆಗೆದುಕೊಂಡು ಒಲೆಗೆ ಹಾಕಿದ್ದೇನೆ. ಅವನಿಗೆ ತಿಳಿಯದು. ಬೇಕಿದ್ದರೆ ಹೇಳಿ.

ಜನವರಿಯ ಮಾತು ಅವನದು. ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಯೊರಿಕೊ


ಕರಾತ್ಸು
ಡಿಸೆಂಬರ್ ೧೪

ಸುಗಿತಾನಿ ಯೊರಿಕೊ ಅವರಿಗೆ,

ಬೇರೊಬ್ಬರ ಹೆಸರಿಗೆ ಬಂದ ಪತ್ರವನ್ನು ತೆಗೆದುಕೊಂಡು ಸುಡುವುದನ್ನು ಕಳ್ಳತನವೆನ್ನುತ್ತಾರೆ. ಹದಿಮೂರು ಬಾರಿ ಮಾಡಿದರೆ ಅದು ಅಭ್ಯಾಸ. ನಾನು ಅವನಿಗೆ ಹೇಳುವುದಿಲ್ಲ. ನಿಮಗಾಗಿ ಅಲ್ಲ. ಹದಿಮೂರು ವರ್ಷ ತಾಯಿಯ ಪತ್ರಕ್ಕೆ ಉತ್ತರಿಸದ ಮಗನೆಂದು ನಾನು ಅವನ ಬಗ್ಗೆ ತಿಳಿದಿದ್ದೆ. ಅದನ್ನು ಅವನು ತಿಳಿಯಬೇಕಾಗಿಲ್ಲ.

ಅವನನ್ನು ನಿಮ್ಮ ಗರಡಿಗೆ ಸೇರಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ನನ್ನ ಪತಿ. ನಾನು ಆರನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದ ಮೂರು ದಿನಗಳಲ್ಲಿ ನಿಮ್ಮ ಯಜಮಾನರು ನಮ್ಮ ಮನೆಗೆ ಬಂದು, ಕುಡಿದು, ಉಂಡು, ನನ್ನ ಮಗನ ತೊಡೆಯ ಸುತ್ತಳತೆ ನೋಡಿ ಹೋದರು. ನಾನು ಹಿಂದಿರುಗಿದಾಗ ಅವನ ಪುಸ್ತಕಗಳನ್ನು ಹಗ್ಗದಿಂದ ಕಟ್ಟಿ ಮೂಲೆಯಲ್ಲಿಡಲಾಗಿತ್ತು. ಟವೆಲು ಹಿಡಿದು ನಿಂತೆನೆಂದು ನೀವು ನನ್ನಿಂದ ಯಾವ ಮಾತನ್ನು ನಿರೀಕ್ಷಿಸುತ್ತಿದ್ದೀರೋ ಅದು ಬರುವುದಿಲ್ಲ.

ನಮಸ್ಕಾರದ ವಿಷಯದಲ್ಲಿ ತಿದ್ದುವಂಥದ್ದೇನೂ ಇಲ್ಲ. ಅದನ್ನು ಕಲಿಸಿದವಳು ನಾನೇ.

ಇಸೊಬೆ ಶಿಜುಎ


ಕರಾತ್ಸು
ಡಿಸೆಂಬರ್ ೧೫

ತೊಮೊನೊರಿ,

ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ, ಚಳಿಗಾಲದ ಒಂದು ಬೆಳಿಗ್ಗೆ, ತರಗತಿಯ ಬಾಗಿಲಲ್ಲಿ ನೀನು ಅರೆಬರೆ ನಮಸ್ಕರಿಸಿದೆಯೆಂದು ನಿನ್ನನ್ನು ಮೂರು ಬಾರಿ ಹೊರಗೆ ಕಳುಹಿಸಿದೆ. ಇತರ ಮಕ್ಕಳನ್ನು ಒಂದು ಬಾರಿ ಮಾತ್ರ ಕಳುಹಿಸುತ್ತಿದ್ದೆ. ನೀನು ನನ್ನ ಮಗನೆಂದು ಯಾರೂ ಆಡಿಕೊಳ್ಳಬಾರದೆಂಬುದು ನನ್ನ ಕಾರಣವಾಗಿತ್ತು. ನಿನಗೆ ಜ್ವರವಿತ್ತೆಂದು ಮಧ್ಯಾಹ್ನ ತಿಳಿಯಿತು.

ಆ ಪಾಠವನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಬಿದ್ದಾಗ ಮತ್ತೆ ಹತ್ತಬೇಕಾಗಿಲ್ಲ. ಬಿದ್ದ ಕಡೆಯೇ ಕುಳಿತಿರುವುದಕ್ಕೆ ನಿನಗೆ ನನ್ನ ಅನುಮತಿಯಿದೆ.

ಜನವರಿಯಲ್ಲಿ ಕಣಕ್ಕಿಳಿಯಬೇಡ. ಊಟವನ್ನು ಹೊತ್ತಿಗೆ ಸರಿಯಾಗಿ ಮಾಡು.

ಅಮ್ಮ


ಟೋಕಿಯೊ
ಜನವರಿ ೩

ಅಮ್ಮ,

ಹೊಸ ವರ್ಷದ ನಮಸ್ಕಾರ. ನಿಮ್ಮ ಪತ್ರ ಬಂತು. ನಾಲ್ಕು ಸಲ ಓದಿದೆ. ನನ್ನ ಅಕ್ಷರ ಇನ್ನೂ ಕೆಟ್ಟದಾಗಿಯೇ ಇದೆ, ಕ್ಷಮಿಸಿ.

ಅವತ್ತು ಜ್ವರ ಇದ್ದದ್ದು ನನಗೆ ಮರೆತೇಹೋಗಿತ್ತು. ನಮಸ್ಕಾರ ಮಾತ್ರ ನೆನಪಿದೆ. ಅದನ್ನ ವಾಪಸ್ ಕೊಡೋಕೆ ಆಗಲ್ಲ ಅಮ್ಮ. ಗರಡೀಲಿ ನನಗಿಂತ ಜೋರಾಗಿ ತಳ್ಳೋರು ಇದಾರೆ, ನನಗಿಂತ ಚೆನ್ನಾಗಿ ಅಡುಗೆ ಮಾಡೋರೂ ಇದಾರೆ. ನನ್ನ ಹತ್ರ ಇರೋದು ಅದೊಂದೇ.

ವೈದ್ಯರು ಹೇಳಿದ್ದು ನನಗೆ ಗೊತ್ತು. ಆದರೂ ಜನವರಿಯಲ್ಲಿ ಏಳು ಪಂದ್ಯ ಆಡ್ತೀನಿ. ಗೆಲ್ಲೋಕಲ್ಲ. ಒಂಬತ್ತನೇ ದಿನ ತೆವಳಿಕೊಂಡು ಹತ್ತಿದ್ದು, ಹನ್ನೊಂದನೇ ದಿನ ಇಬ್ಬರ ಹೆಗಲ ಮೇಲೆ ಕೈ ಹಾಕ್ಕೊಂಡು ಹೊರಗೆ ಹೋಗಿದ್ದು ನನ್ನ ಕೊನೇದು ಆಗೋದು ಬೇಡ. ನಿಂತು ನಮಸ್ಕಾರ ಮಾಡಿ ನಡೆದುಕೊಂಡು ಹೊರಗೆ ಬರಬೇಕು. ಯಾರೂ ಹಿಡ್ಕೊಬಾರದು. ಆಮೇಲೆ ಬಿಟ್ಟುಬಿಡ್ತೀನಿ, ಇದು ಯಜಮಾನರಿಗೂ ಇನ್ನೂ ಹೇಳಿಲ್ಲ.

ನೀವು ಬರೋದಾದ್ರೆ ದಯವಿಟ್ಟು ಮುಂದೆ ಕೂತ್ಕೋಬೇಡಿ. ನಿಮ್ಮನ್ನ ಕಂಡ್ರೆ ಮೊಣಕಾಲು ನೋಯೋಕೆ ಶುರುವಾಗತ್ತೆ.

ತೊಮೊನೊರಿ


ಟೋಕಿಯೊ, ಸುಮಿದಾ
ಜನವರಿ ೨೪

ಶಿಜುಎ ಟೀಚರಿಗೆ,

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ಗೆಲುವು, ನಾಲ್ಕು ಸೋಲು. ಹದಿಮೂರನೆಯ ದಿನದ್ದು ಕೊನೆಯ ಪಂದ್ಯ. ಆರು ಸೆಕೆಂಡು. ಎದುರಾಳಿ ಹತ್ತೊಂಬತ್ತರ ಹುಡುಗ, ನುಗ್ಗಿದ ರಭಸಕ್ಕೆ ಮತ್ಸುರನಾಮಿ ಹಿಂದೆ ಹಿಂದೆ ಸರಿದು ಗೆರೆಯಾಚೆ ಕಾಲಿಟ್ಟ. ಬೀಳಲಿಲ್ಲ. ನಿಂತು ನಮಸ್ಕಾರ ಮಾಡಿದ. ಎಷ್ಟು ಹೊತ್ತು ಬಗ್ಗಿದ್ದ ಅಂದರೆ, ಆಗಲೇ ತಲೆಯೆತ್ತಿದ್ದ ಆ ಹುಡುಗ ನಾಚಿಕೊಂಡು ಇನ್ನೊಮ್ಮೆ ಬಗ್ಗಿದ. ಇಳಿದು, ನಡೆದು, ಹೊರಗೆ ಹೋದ. ಯಾರೂ ಹಿಡಿದುಕೊಳ್ಳಲಿಲ್ಲ.

ಸ್ನಾನದ ಮನೆಯ ಬಾಗಿಲು ಮುಚ್ಚಿದ ಮೇಲೆ ಕುಸಿದು ಬಿದ್ದ. ಮೂವರು ಎತ್ತಿಕೊಂಡು ಬಂದರು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಮುಂದೆ ಕೋಲು ಬೇಕು, ಬಹುಶಃ ಯಾವಾಗಲೂ. ಇದನ್ನು ಸುತ್ತೋಲೆಯಲ್ಲಿ ಬರೆಯುವುದಿಲ್ಲ. ನಿಮಗೆ ಬರೆದಿದ್ದೇನೆ. ನಿಮ್ಮ ವೈದ್ಯರು ಹೇಳಿದ್ದೇ ಸರಿಯಾಯಿತು, ಖುಷಿಪಡಿ.

ಆವತ್ತು ಎರಡನೆಯ ಮಹಡಿಯ ಕಟ್ಟಕಡೆಯ ಸಾಲಿನಲ್ಲಿ ಬೂದುಬಣ್ಣದ ಕಿಮೊನೊ ಉಟ್ಟ ಹೆಂಗಸೊಬ್ಬರು ಬೆಳಿಗ್ಗೆ ಎಂಟೂವರೆಯಿಂದ ನಿಂತೇ ಇದ್ದರಂತೆ. ಚಹಾದಂಗಡಿಯವನು ಹೇಳಿದ: "ಕುರ್ಚಿ ಇದೆ ಕೂತ್ಕೊಳಿ ಅಂದ್ರೆ, ನಾನು ನಿಲ್ಲೋಕೇ ಬಂದಿರೋದು ಅಂದ್ರಪ್ಪ." ಯಾರೋ ಏನೋ. ನಾನು ಕೇಳುವುದಿಲ್ಲ.

ಫೆಬ್ರವರಿ ಹನ್ನೆರಡರಂದು ಅವನ ನಿವೃತ್ತಿ, ಜುಟ್ಟು ಕತ್ತರಿಸುವ ಶಾಸ್ತ್ರ. ದೊಡ್ಡ ಮಲ್ಲರಿಗೆ ಸಭಾಂಗಣದಲ್ಲಿ ಮಾಡುತ್ತಾರೆ, ಕೆಲವು ಗರಡಿಗಳಲ್ಲಿ ಹೋಟೆಲಿನಲ್ಲಿ ಮಾಡುತ್ತಾರೆ, ಅಲ್ಲಿ ತಾಯಂದಿರೂ ಕತ್ತರಿ ಹಿಡಿಯಬಹುದು. ನನ್ನ ಗಂಡ ಹಳೆಯ ಕಾಲದವರು. ಗರಡಿಯ ಕಣದ ಮೇಲೆಯೇ ಆಗಬೇಕು ಅನ್ನುತ್ತಾರೆ. ಕಣಕ್ಕೆ ಹೆಂಗಸರು ಹತ್ತುವಂತಿಲ್ಲ. ನೀವು ಬಂದರೆ ಪಕ್ಕದ ಹಲಗೆಯ ಮೇಲೆ ಕುಳಿತು ನೋಡಬಹುದು. ಇಪ್ಪತ್ತಾರು ವರ್ಷದಲ್ಲಿ ಮೂವತ್ತೊಂದು ಹುಡುಗರ ಜುಟ್ಟು ಹೋಗಿದೆ, ನಾನು ಒಂದು ಕೂದಲೂ ಕತ್ತರಿಸಿಲ್ಲ. ಹಾಗಾಗಿ ನನ್ನ ಹತ್ತಿರ ದೂರು ಹೇಳಬೇಡಿ.

ಯೊರಿಕೊ


ಕರಾತ್ಸು
ಜನವರಿ ೨೯

ಸುಗಿತಾನಿ ಯೊರಿಕೊ ಅವರಿಗೆ,

ಬರುತ್ತೇನೆ. ಹಲಗೆಯ ಮೇಲೆ ಕುಳಿತುಕೊಳ್ಳುತ್ತೇನೆ.

ಜನವರಿಯ ವಿಷಯದಲ್ಲಿ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಮಾತು ಅವನದೆಂದು ಬರೆದಿದ್ದಿರಿ. ಹದಿನೈದರ ಹುಡುಗನನ್ನು ಒಯ್ದು, ಹದಿನಾಲ್ಕು ವರ್ಷ ಅದೊಂದನ್ನೇ ಉಣ್ಣಿಸಿ, ಕೊನೆಗೆ ಮಾತು ಅವನದೆನ್ನುವುದು ಸುಲಭ. ನನ್ನನ್ನೂ ನಾನು ಕ್ಷಮಿಸಿಕೊಂಡಿಲ್ಲವಾದ್ದರಿಂದ ಇದರಲ್ಲಿ ಪಕ್ಷಪಾತವಿಲ್ಲ.

ಅಂದು ನಿಂತಿದ್ದವಳು ನಾನೇ. ನಮಸ್ಕಾರ ಸರಿಯಾಗಿತ್ತು.

ಇಸೊಬೆ ಶಿಜುಎ


ಟೋಕಿಯೊ, ಸುಮಿದಾ
ಫೆಬ್ರವರಿ ೧೮

ಟೀಚರ್,

ಸುತ್ತೋಲೆ ಅಚ್ಚಿಗೆ ಹೋಗುತ್ತಿದೆ. ಶಾಸ್ತ್ರದ ದಿನ ಯಾರು ಯಾರು ಇದ್ದರು ಅಂತ ಪಟ್ಟಿ ಹಾಕುವುದು ವಾಡಿಕೆ. ಕಣದ ಮೇಲೆ ನಿಂತು ಕತ್ತರಿ ಹಿಡಿದವರ ಹೆಸರು ಮಾತ್ರ ಸಾಕು ಅಂತ ನನ್ನ ಗಂಡ ಹೇಳಿದ್ದಾರೆ. ಎಂಟು ಹೆಸರು, ಎಂಟೂ ಗಂಡಸರು. ಕೆಳಗೆ ಆದದ್ದರ ಬಗ್ಗೆ ಅವರು ನನ್ನೊಡನೆ ಇನ್ನೂ ಮಾತಾಡಿಲ್ಲ. ಊಟಕ್ಕೆ ಬಾಯಿ ತೆರೆಯುತ್ತಾರೆ, ಅಷ್ಟೇ. ನನಗೆ ಮನೆಯಲ್ಲಿ ಇನ್ನೊಂದು ಜಗಳ ಬೇಡ.

ತಪ್ಪು ಅಂತ ನಿಮ್ಮ ಪತ್ರ ಬರುತ್ತದೆ, ನನಗೆ ಗೊತ್ತು. ಬಂದ ಮೇಲೆ ಓದುವುದಕ್ಕಿಂತ ಮೊದಲೇ ಕೇಳುತ್ತೇನೆ. ಸರಿಯಾದದ್ದನ್ನು ನೀವೇ ಬರೆದು ಕಳುಹಿಸಿ. ಅಚ್ಚಿನವನಿಗೆ ನಾನೇ ಕೊಟ್ಟು ಬರುತ್ತೇನೆ. ಯಜಮಾನರು ಸುತ್ತೋಲೆಯನ್ನು ಎಂದೂ ಓದಿದವರಲ್ಲ.

ಯೊರಿಕೊ


ಕರಾತ್ಸು
ಫೆಬ್ರವರಿ ೨೨

ಸುಗಿತಾನಿ ಯೊರಿಕೊ ಅವರಿಗೆ,

ನಿಮ್ಮ ಎಂಟು ಹೆಸರುಗಳಲ್ಲಿ ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವರದಿ ಸುಳ್ಳಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ. ಒಂದಕ್ಷರವನ್ನೂ ಸೇರಿಸಬೇಡಿ.

ಎಂಟು ಮಂದಿ ಒಬ್ಬೊಬ್ಬರಾಗಿ ಕಣಕ್ಕೆ ಹತ್ತಿ, ಕುರ್ಚಿಯಲ್ಲಿ ಕುಳಿತಿದ್ದ ತೊಮೊನೊರಿಯ ಹಿಂದೆ ನಿಂತು, ಜುಟ್ಟಿನ ನಾಲ್ಕೈದು ಎಳೆಗಳನ್ನು ಕತ್ತರಿಸಿ ಇಳಿದರು. ಕೊನೆಯ ಕತ್ತರಿ ಯಜಮಾನರದು. ಅವರು ಮುಂದೆ ಬರುವಷ್ಟರಲ್ಲಿ ತೊಮೊನೊರಿ ಕೋಲನ್ನೂರಿ ಎದ್ದು, ಅವರಿಗೆ ನಮಸ್ಕರಿಸಿ, ಕಣದಿಂದ ಇಳಿದು, ಹಲಗೆಯ ಅಂಚಿನಲ್ಲಿ ನಮ್ಮ ಕಡೆಗೆ ಬೆನ್ನು ಮಾಡಿ ಕುಳಿತ.

"ಎಲ್ಲಿಗೋ ಹೊರಟೆ?" ಎಂದರು ಯಜಮಾನರು.

"ಆ ಕುರ್ಚೀಲಿ ಕಾಲು ನೋಯ್ತಿದೆ ಯಜಮಾನ್ರೆ. ಸ್ವಲ್ಪ ಹೊತ್ತು ಇಲ್ಲಿ ಕೂತಿರ್ತೀನಿ."

"ಸುಳ್ಳು ಹೇಳೋದನ್ನೂ ನಿಮ್ಮಮ್ಮನೇ ಕಲಿಸಿದ್ರಾ?"

"ಇಲ್ಲ. ಅದು ಗರಡೀಲಿ ಕಲ್ತಿದ್ದು."

ಹುಡುಗರು ನಕ್ಕರು. ಯಜಮಾನರು ನಗಲಿಲ್ಲ. ಗೋಡೆಯ ಕಡೆಗೆ ತಿರುಗಿ, "ಬೆನ್ನ ಹಿಂದೆ ಏನಾಗತ್ತೋ ನಂಗ್ ಕಾಣಲ್ಲ. ಬೇಗ ಆಗ್ಲಿ" ಎಂದರು.

ಜುಟ್ಟು ಕಟ್ಟುವ ತೊಕೊಹಾಯಾ ಅವರು ಕತ್ತರಿಯನ್ನು ನನ್ನ ಮುಂದೆ ಹಿಡಿದರು. ನಾನು ಕತ್ತರಿಸಿದೆ. ಕೂದಲು ನಾನು ತಿಳಿದದ್ದಕ್ಕಿಂತ ಗಟ್ಟಿಯಾಗಿತ್ತು. ಎರಡು ಬಾರಿ ಅದುಮಬೇಕಾಯಿತು. ಅವನ ಕಿವಿಯ ಹಿಂದೆ ನಾನು ಅರಿಯದ ಒಂದು ಗಾಯದ ಗುರುತಿತ್ತು. ಕೇಳಲಿಲ್ಲ.

ಆ ಬಳಿಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಮ್ಮನ್ನು ಕರೆದು ಕತ್ತರಿ ಕೊಟ್ಟೆ. "ನಂಗ್ಯಾಕೆ ಟೀಚರ್, ಕೈಯೆಲ್ಲ ಮೀನಿನ ವಾಸನೆ" ಎಂದಿರಿ. ನೀವು ಇದನ್ನು ತಪ್ಪಾಗಿ ತಿಳಿದಿರಬಹುದಾದ್ದರಿಂದ ಸ್ಪಷ್ಟಪಡಿಸುತ್ತೇನೆ. ಅದು ಕೃತಜ್ಞತೆಯಲ್ಲ, ಸ್ನೇಹವೂ ಅಲ್ಲ. ಅವನು ನನ್ನ ಬಳಿ ಇದ್ದದ್ದು ಹದಿನೈದು ವರ್ಷ, ನಿಮ್ಮ ಬಳಿ ಹದಿನಾಲ್ಕು. ಹೆಚ್ಚಿನ ಲೆಕ್ಕದವಳು ಮೊದಲು, ಕಡಿಮೆಯವಳು ನಂತರ. ಒಂದು ವರ್ಷದ ಅಂತರದಲ್ಲಿ ನಾನು ಮುಂದಿದ್ದೇನೆ, ಇನ್ನು ಅವನು ಕರಾತ್ಸುವಿಗೆ ಬಂದಿರುವುದರಿಂದ ಮುಂದೆಯೇ ಇರುತ್ತೇನೆ.

ನೀವು ಕತ್ತರಿಸಿ ಮುಗಿಸಿದ ಮೇಲೆ ತೊಮೊನೊರಿ ಮತ್ತೆ ಕಣಕ್ಕೆ ಹತ್ತಲು ಕೋಲಿಗಾಗಿ ತಡಕಾಡಿದ. ಆಗ ಯಜಮಾನರು ತಿರುಗಿ, "ಕೂತ್ಕೋ, ನಾನೇ ಬರ್ತೀನಿ" ಎಂದು ಇಳಿದು ಬಂದು ಜುಟ್ಟನ್ನು ಪೂರ್ತಿ ತೆಗೆದರು. ಇದನ್ನೂ ಬರೆಯಿರಿ. ಅವರು ಓದದಿದ್ದರೆ ನಷ್ಟವಿಲ್ಲ.

ಅವನು ಬೆಳಿಗ್ಗೆ ಬೇಗ ಏಳುತ್ತಾನೆ. ಹೆಚ್ಚು ಮಾತನಾಡುವುದಿಲ್ಲ. ಕಾಲಿಗೆ ಬಟ್ಟೆ ಸುತ್ತಲು ನನಗೆ ಬಾರದು. ಯಾವ ಸುತ್ತಿನಲ್ಲಿ ಎಷ್ಟು ಬಿಗಿಯಿರಬೇಕೆಂಬುದನ್ನು ಚಿತ್ರ ಸಹಿತ ಬರೆದು ಕಳುಹಿಸಿ. ಚಿತ್ರ ಸ್ಪಷ್ಟವಾಗಿರಲಿ.

ಅಚ್ಚಾಗಬೇಕಾದ ಪಟ್ಟಿ ಕೆಳಗಿದೆ. ಕತ್ತರಿ ಹಿಡಿಯದೆ ಅಲ್ಲಿದ್ದವರನ್ನು ಮೊದಲು ಬರೆದಿದ್ದೇನೆ, ಹಿಡಿದವರನ್ನು ಹಿಡಿದ ಕ್ರಮದಲ್ಲಿಯೇ ಬರೆದಿದ್ದೇನೆ.

ಇಸೊಬೆ ಶಿಜುಎ

ಫೆಬ್ರವರಿ ಹನ್ನೆರಡರಂದು ಹಿನೊಕಾವಾ ಗರಡಿಯಲ್ಲಿ ಇದ್ದವರು: ಜುಟ್ಟು ಕಟ್ಟುವ ತೊಕೊಹಾಯಾ. ಮಲ್ಲರಾದ ಹಿನೊತಾಕಿ, ಹಿನೊಮಿನೆ, ಕಾಗಾಸಾಕಿ, ಶಿರಾನುಮಾ. ಕಣದ ಮೇಲೆ: ಅಭಿಮಾನಿ ಬಳಗದ ಅಧ್ಯಕ್ಷ ನಬೆತಾನಿ ಎಯ್‌ಕಿಚಿ, ದಂತವೈದ್ಯ ಉರಾಗಾಮಿ ಸೊಸುಕೆ, ತೊಫು ಅಂಗಡಿಯ ಮುನೆಯಾಸು ಗೆಂಜೊ, ಕರಾತ್ಸುವಿನ ಸಹಪಾಠಿಗಳು ತಾನಾಮಚಿ ರಿಯೊಹೇ ಮತ್ತು ಇಮಾರಿಬೆ ಶುಜಿ, ನಿವೃತ್ತ ಮಲ್ಲರು ಹಿನೊಇವಾ ಮತ್ತು ಒಕಿತ್ಸುಕಾಜೆ, ಚಿಕ್ಕಪ್ಪ ಇಸೊಬೆ ಕಾನ್‌ಜಿ. ಕಣದ ಕೆಳಗೆ: ಇಸೊಬೆ ಶಿಜುಎ, ಸುಗಿತಾನಿ ಯೊರಿಕೊ, ಹಿನೊಕಾವಾ ಯಜಮಾನರು.